ಗಡಿಯಲ್ಲಿ ಹುಟ್ಟಿದವರ ಗುರುತು ಯಾವುದು?

'ನಿಮ್ಮದು ಯಾವ ಊರು?' ಎಂಬ ಪ್ರಶ್ನೆಗೆ ಹೆಚ್ಚಿನವರು ಒಂದೇ ಪದದಲ್ಲಿ ಉತ್ತರಿಸಿ ಮುಗಿಸುತ್ತಾರೆ. ಕಾಸರಗೋಡಿನವರಾದ ನಮಗೆ ಅಲ್ಲಿಂದಲೇ ಮಾತು ಶುರು. ಬೆಂಗಳೂರಿನಲ್ಲಿ ಊರಿನ ಹೆಸರು ಹೇಳಿದ ತಕ್ಷಣ, 'ಹಾಗಾದ್ರೆ ನೀವು ಮಲಯಾಳಿನಾ? ಕನ್ನಡ ಇಷ್ಟು ಚೆನ್ನಾಗಿ ಹೇಗೆ ಮಾತಾಡ್ತೀರಿ?' ಎನ್ನುತ್ತಾರೆ. ತಿರುವನಂತಪುರದಲ್ಲಿ ನನ್ನ ಮಲಯಾಳ ಕೇಳಿದವರು, 'ಕರ್ನಾಟಕದವರಾ?' ಎಂದು ವಿಚಾರಿಸುತ್ತಾರೆ. 2018ರಲ್ಲಿ ರಿಷಬ್ ಶೆಟ್ಟಿ ಅವರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಸಿನಿಮಾ ಬಂದ ಮೇಲೆ ಸ್ವಲ್ಪ ಅನುಕೂಲವಾಗಿದೆ. 'ಓ, ಆ ಸಿನಿಮಾದ ಊರಾ?' ಎಂದು ಕೆಲವರಾದರೂ ಗುರುತಿಸುತ್ತಾರೆ.

1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು. ಅದು ಕಾಗದದಲ್ಲೇ ಉಳಿಯಿತು. ಮಂಜೇಶ್ವರದ ಗೋವಿಂದ ಪೈ, ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈ, ಯಕ್ಷಗಾನದ ಪಾರ್ತಿಸುಬ್ಬ ಎಲ್ಲರೂ ಈ ಮಣ್ಣಿನವರೇ. ನಮ್ಮ ಹಿರಿಯರಿಗೆ ವಿಲೀನ ಎಂದರೆ ಹೋರಾಟ, ನೋವು. ನನ್ನ ತಲೆಮಾರು ಮಾತ್ರ ಹುಟ್ಟಿದ್ದೇ ಕೇರಳದಲ್ಲಿ. ನಾವು ಕಳೆದುಕೊಂಡದ್ದು ಏನು ಎನ್ನುವುದನ್ನು ಕೇಳಿ ತಿಳಿದವರು, ನೋಡಿ ತಿಳಿದವರಲ್ಲ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಹೀಗೆ ಬೆಳೆದವರಿಗೆ ಇದು ವಿಚಿತ್ರ ಅಂತ ಅನಿಸುವುದೇ ಇಲ್ಲ. ಮಂಗಳೂರಿನ ಅತ್ತೆಯ ಮಕ್ಕಳಿಗೆ ದಸರಾ ರಜೆ ಇದ್ದಾಗ ನಮಗೆ ಶಾಲೆ. ನಮಗೆ ಓಣಂ ರಜೆ ಸಿಕ್ಕಾಗ ಅವರಿಗೆ ಶಾಲೆ. ಅವರು ಪಿಯುಸಿ, ನಾವು ಪ್ಲಸ್ ಟು. ಏಪ್ರಿಲ್‌ನಲ್ಲಿ ಕಣಿ ಇಟ್ಟು ನಾವು 'ಬಿಸು' ಎಂದರೆ, ಪಕ್ಕದ ಮನೆಯ ಚೇಚಿ ಅದನ್ನೇ 'ವಿಷು' ಎನ್ನುತ್ತಿದ್ದರು. ಬೆಳಿಗ್ಗೆ ನೀರುದೋಸೆಯಾದರೂ ಸರಿ, ಪುಟ್ಟು–ಕಡಲೆಯಾದರೂ ಸರಿ. ನಮ್ಮ ಜಿಲ್ಲೆಗೆ ಸಪ್ತಭಾಷಾ ಸಂಗಮಭೂಮಿ ಎಂಬ ಹೆಸರಿದೆ. ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಮಾತಾಡುವವರೂ ಒಂದೇ ಬಸ್ಸಿನಲ್ಲಿ ಸಿಗುತ್ತಾರೆ.

ಕಷ್ಟ ಶುರುವಾಗುವುದು ಓದು ಮುಗಿದು ಕೆಲಸ ಹುಡುಕುವಾಗ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮಾತಾಡುವ ಮಲಯಾಳ ಬರುತ್ತದೆ, ಕಚೇರಿಯ ಮಲಯಾಳ ಬರುವುದಿಲ್ಲ. ಒಂದು ಅರ್ಜಿ ತುಂಬಲು ಪಕ್ಕದವರ ಸಹಾಯ ಬೇಕು. ಕೇರಳ ಲೋಕಸೇವಾ ಆಯೋಗ ಭಾಷಾ ಅಲ್ಪಸಂಖ್ಯಾತರಿಗೆ ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಕೊಡುತ್ತದೆ ನಿಜ. ಆದರೆ ಕೆಲಸ ಸಿಕ್ಕ ಮೇಲೆ ಕಡತಗಳು ಕನ್ನಡದಲ್ಲಿ ಬರುವುದಿಲ್ಲವಲ್ಲ! ಇತ್ತ ಕರ್ನಾಟಕಕ್ಕೆ ಬಂದರೆ, ವಿಳಾಸದ ಕೊನೆಯಲ್ಲಿ 'ಕೇರಳ' ಎಂದಿರುತ್ತದೆ. ಸಿಇಟಿಯಂಥ ಕಡೆ ಗಡಿನಾಡ ಕನ್ನಡಿಗರಿಗೆ ಅವಕಾಶ ಇದೆಯಾದರೂ ನಾವು ಕನ್ನಡಿಗರು ಎನ್ನುವುದಕ್ಕೆ ದಾಖಲೆ ತೋರಿಸಬೇಕು. ಭಾಷೆ ನಮ್ಮದು, ಪ್ರಮಾಣಪತ್ರ ಬೇರೆಯವರದ್ದು.

2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಆದಾಗ ತಲಪಾಡಿಯ ಗಡಿ ಮುಚ್ಚಿತು. ಕಾಯಿಲೆ ಎಂದರೆ ಮಂಗಳೂರಿನ ಆಸ್ಪತ್ರೆ ಎಂದೇ ನಂಬಿದ್ದವರು ಈಚೆ ಉಳಿದರು. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಅಲ್ಲಿಯವರೆಗೆ ನಮಗೆ ಗಡಿ ಎಂದರೆ ಬಸ್ಸಿನ ಬೋರ್ಡಿನ ಅಕ್ಷರ ಬದಲಾಗುವ ಜಾಗ, ಅಷ್ಟೇ. ಅದು ಆಂಬುಲೆನ್ಸನ್ನೂ ನಿಲ್ಲಿಸಬಲ್ಲದು ಎಂದು ಗೊತ್ತಾಗಿದ್ದು ಆಗಲೇ. ಗುರುತು ಎನ್ನುವುದು ಬರೀ ಭಾವನೆಯ ವಿಷಯವಲ್ಲ ಎಂದು ನನಗೆ ಅರ್ಥವಾದದ್ದೂ ಆಗಲೇ.

'ಹಾಗಾದರೆ ನೀನು ಯಾವ ಕಡೆಯವಳು?' ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಸಿಕ್ಕಿದ್ದು ನನ್ನ ದಿನಚರಿಯಲ್ಲಿ. ಮಗ್ಗಿ ಕಲಿತದ್ದು ಕನ್ನಡದಲ್ಲಿ, ಹಾಗಾಗಿ ಇವತ್ತಿಗೂ ಲೆಕ್ಕ ಕನ್ನಡದಲ್ಲೇ. ಸಿಟ್ಟು ಬಂದರೆ ತುಳು. ಹರಟೆಗೆ, ಸಿನಿಮಾಕ್ಕೆ ಮಲಯಾಳ. ಆಫೀಸಿನ ಮೇಲ್‌ಗೆ ಇಂಗ್ಲಿಷ್. ಇದರಲ್ಲಿ ಯಾವುದನ್ನು ತೆಗೆದರೂ ನಾನು ಅರ್ಧ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ನಮ್ಮೂರಲ್ಲಿ ಪ್ರತಿಭಟನೆಗಳಾದವು. ಅದು ಮಲಯಾಳದ ಮೇಲಿನ ದ್ವೇಷವಾಗಿರಲಿಲ್ಲ, ಕನ್ನಡ ಉಳಿಯುತ್ತದೋ ಇಲ್ಲವೋ ಎಂಬ ಭಯವಾಗಿತ್ತು. ನಾನು ಮಲಯಾಳ ಓದಲು, ಬರೆಯಲು ಕಲಿತದ್ದು ಪದವಿ ಮುಗಿದ ಮೇಲೆ, ನನ್ನ ಇಷ್ಟದಿಂದ. ಅದರಿಂದ ನನ್ನ ಕನ್ನಡ ಒಂದಕ್ಷರವೂ ಕಡಿಮೆಯಾಗಲಿಲ್ಲ.

ಬೆಳಗಾವಿ, ಬೀದರ್, ಬಳ್ಳಾರಿ, ಕೋಲಾರದ ಗೆಳೆಯರೊಂದಿಗೆ ಮಾತಾಡಿದರೆ ಅವರದ್ದೂ ಹೆಚ್ಚುಕಡಿಮೆ ಇದೇ ಕಥೆ. ಅಂಥವರಿಗೆ ನನ್ನದೊಂದು ಮಾತು: ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಯಾರಾದರೂ ಒತ್ತಾಯಿಸಿದರೆ ಅವಸರಪಡಬೇಡಿ. ಮನೆಮಾತನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ನೆರೆಯ ಭಾಷೆಯ ಅಕ್ಷರಗಳನ್ನೂ ಕಲಿಯಿರಿ, ಬರೀ ಮಾತು ಸಾಲದು. ರೆಸ್ಯೂಮೆಯಲ್ಲಿ ನಿಮಗೆ ಬರುವ ಭಾಷೆಗಳನ್ನೆಲ್ಲ ಧೈರ್ಯವಾಗಿ ಬರೆಯಿರಿ. ಬ್ಯಾಂಕ್, ಆಸ್ಪತ್ರೆ, ಗ್ರಾಹಕ ಸೇವೆ, ಅನುವಾದ, ಎಲ್ಲ ಕಡೆಯೂ ನಿಮ್ಮಂಥವರು ಬೇಕು.

ಈಗ ಯಾರಾದರೂ 'ನೀವು ಕನ್ನಡದವರಾ, ಮಲಯಾಳಿನಾ?' ಎಂದು ಕೇಳಿದರೆ ನಾನು ವಿವರಣೆ ಕೊಡಲು ಹೋಗುವುದಿಲ್ಲ. 'ಕಾಸರಗೋಡಿನವಳು' ಎನ್ನುತ್ತೇನೆ. ಉಳಿದದ್ದು ತಿಳಿಯಬೇಕೆಂದರೆ ಒಮ್ಮೆ ಊರಿಗೆ ಬನ್ನಿ, ಬಿಸುವಿಗೋ ಓಣಂಗೋ.