ಫ್ಯಾನ್ ಇರುವ ವಿಮಾನ ಎಂದರೆ ‘ಡಕೋಟಾ’ ವಿಮಾನವೇ?

ಸಣ್ಣ ಊರಿನ ಹೊಸ ವಿಮಾನ ನಿಲ್ದಾಣ. ಫಳಫಳ ಹೊಳೆಯುವ ಗಾಜು, ಚೊಕ್ಕ ನೆಲ. ಹೊರಗೆ ನಿಂತಿರುವುದು ಮಾತ್ರ ರೆಕ್ಕೆಗೆ ಫ್ಯಾನ್ ಸಿಕ್ಕಿಸಿದ ಪುಟ್ಟ ವಿಮಾನ. ತಕ್ಷಣ ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುತ್ತೇವೆ: ‘ಕೋಟಿಗಟ್ಟಲೆ ಸುರಿದು ಡಕೋಟಾ ವಿಮಾನ ತಂದು ನಿಲ್ಲಿಸಿದ್ದಾರೆ, ಹತ್ತಬೇಡಿ!’

ಡಕೋಟಾ ಎಂಬುದು ನಿಜಕ್ಕೂ ಒಂದು ವಿಮಾನದ ಹೆಸರು. 1935ರಲ್ಲಿ ಮೊದಲು ಹಾರಿದ ಡಿಸಿ-3 ವಿಮಾನದ ಸೇನಾ ಮಾದರಿಯನ್ನು ಬ್ರಿಟಿಷರು ಹಾಗೆ ಕರೆದರು. ಅದರಲ್ಲಿದ್ದದ್ದು ಪೆಟ್ರೋಲ್ ಕುಡಿಯುವ ಪಿಸ್ಟನ್ ಎಂಜಿನ್. ಈಗ ನಮ್ಮ ಸಣ್ಣ ನಿಲ್ದಾಣಗಳಲ್ಲಿ ಕಾಣುವ ಎಟಿಆರ್ 72-600 ಸೇವೆಗೆ ಬಂದದ್ದು 2011ರಲ್ಲಿ. ಇದರೊಳಗಿರುವುದು ಜೆಟ್ ವಿಮಾನದಲ್ಲಿರುವಂಥದ್ದೇ ಟರ್ಬೈನ್ ಎಂಜಿನ್. ಕುಡಿಯುವುದೂ ಅದೇ ಇಂಧನ. ಟರ್ಬೈನಿನ ಶಕ್ತಿ ಗೇರ್‌ಗಳ ಮೂಲಕ ಹೊರಗಿನ ಪ್ರೊಪೆಲ್ಲರ್ ತಿರುಗಿಸುತ್ತದೆ. ದೊಡ್ಡ ಜೆಟ್‌ಗಳಲ್ಲೂ ವಿಮಾನವನ್ನು ಹೆಚ್ಚಾಗಿ ಮುಂದೆ ನೂಕುವುದು ಫ್ಯಾನೇ. ಅದು ಕವಚದೊಳಗೆ ಅಡಗಿರುತ್ತದೆ, ಅಷ್ಟೇ.

‘ರನ್‌ವೇ ಚಿಕ್ಕದು, ಅದಕ್ಕೇ ಚಿಕ್ಕ ವಿಮಾನ’ ಎಂಬ ಮಾತೂ ಎಲ್ಲ ಕಡೆ ನಿಜವಲ್ಲ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗ ನಿಲ್ದಾಣದ ರನ್‌ವೇ 3.2 ಕಿ.ಮೀ. ಉದ್ದವಿದೆ, ಏರ್‌ಬಸ್ ಕೂಡ ಇಳಿಯಬಹುದು. ಆದರೂ ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಬಂದ ಮೊದಲ ಪ್ರಯಾಣಿಕ ವಿಮಾನ ಎಟಿಆರ್. ಲೆಕ್ಕ ಸರಳ: ಎಟಿಆರ್‌ನಲ್ಲಿ ಎಪ್ಪತ್ತು ಚಿಲ್ಲರೆ ಸೀಟು, ಏರ್‌ಬಸ್ ಎ320ಯಲ್ಲಿ ಸುಮಾರು 180. ಹತ್ತಿರದ ಊರಿಗೆ ಎಟಿಆರ್ ಕಡಿಮೆ ಇಂಧನದಲ್ಲಿ ಹೋಗಿಬರುತ್ತದೆ.

ಹಾಗಾದರೆ ಭಯ ಬರೀ ಸುಳ್ಳೇ? 2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಎಟಿಆರ್ 72 ಬಿದ್ದು 72 ಮಂದಿ ಸತ್ತರು. ಆ ವಿಡಿಯೊ ನಿಮಗೂ ಬಂದಿರಬಹುದು. ಪ್ರೊಪೆಲ್ಲರ್‌ಗಳ ನೂಕುವ ಬಲವನ್ನೇ ಕಳೆಯುವ ಸ್ಥಿತಿಗೆ ಲಿವರ್‌ಗಳನ್ನು ತಪ್ಪಿ ಎಳೆದದ್ದು ಕಾರಣ ಎಂದಿತು ತನಿಖಾ ವರದಿ. ಫ್ಯಾನ್ ಹಳೆಯದಾಗಿ ಬಿದ್ದ ವಿಮಾನವಲ್ಲ ಅದು. ಇನ್ನು ಸದ್ದು, ಕುಲುಕಾಟ ಇರುವುದು ನಿಜ. ಎಟಿಆರ್ ಹೆಚ್ಚೆಂದರೆ 25,000 ಅಡಿವರೆಗೆ ಹಾರುವುದರಿಂದ, ಜೆಟ್‌ಗಳು ಮೇಲಿಂದ ದಾಟಿಹೋಗುವ ಮೋಡಗಳ ನಡುವೆಯೇ ಇದು ಸಾಗಬೇಕಾಗುತ್ತದೆ.

ಹತ್ತುವುದು ಹಿಂಬಾಗಿಲಿನಿಂದ. ಜನ ಹತ್ತುವಾಗ ಹಿಂಭಾರವಾಗಿ ವಿಮಾನ ಕುಕ್ಕರಿಸದಂತೆ ಬಾಲದ ಕೆಳಗೆ ಒಂದು ಊರುಗೋಲು ಕೊಟ್ಟಿರುತ್ತಾರೆ. ಅದನ್ನು ಕಂಡು ‘ಮುರಿದಿದೆ’ ಎಂದುಕೊಳ್ಳಬೇಡಿ! ಸೀಟು ಖಾಲಿ ಇದ್ದಾಗ ಸಿಬ್ಬಂದಿ ‘ಸ್ವಲ್ಪ ಆ ಕಡೆ ಕೂರಿ’ ಎನ್ನುವುದೂ ಈ ತೂಕದ ಹೊಂದಾಣಿಕೆಗೇ. ಹೇಳದೆ ಕೇಳದೆ ಜಾಗ ಬದಲಿಸಬೇಡಿ.

ನಾವು ನಿಜಕ್ಕೂ ಹೆದರಬೇಕಾದದ್ದು ಬೇರೆ. ಇಲ್ಲಿ ವಿಮಾನದವರೆಗೆ ಎಷ್ಟೋ ಸಲ ನಡೆದೇ ಹೋಗುತ್ತೇವೆ. ವೇಗವಾಗಿ ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಸೆಲ್ಫಿಗಾಗಿ ಗೆರೆ ದಾಟಬೇಡಿ, ಮಕ್ಕಳ ಕೈ ಬಿಡಬೇಡಿ. ಇನ್ನೊಂದು: ಎಟಿಆರ್‌ನಲ್ಲಿ ತಲೆಮೇಲಿನ ಗೂಡು ಕಿರಿದು. ಹಾಗಾಗಿ ಕೈಚೀಲವನ್ನು ವಿಮಾನದ ಬಳಿಯೇ ಇಸಿದುಕೊಂಡು ಸಾಮಾನಿನ ಖಾನೆಗೆ ಹಾಕುವುದುಂಟು. ಕೊಡುವ ಮುನ್ನ ಅದರಲ್ಲಿರುವ ಪವರ್ ಬ್ಯಾಂಕ್ ತೆಗೆದು ಕೈಯಲ್ಲಿಟ್ಟುಕೊಳ್ಳಿ. ಅದಕ್ಕೆ ಬೆಂಕಿ ಹತ್ತಿದರೆ ಒಳಗಿದ್ದವರು ಆರಿಸಬಹುದು, ಖಾನೆಯಲ್ಲಿ ಕೈಗೆಟುಕುವುದಿಲ್ಲ.