ಪಕ್ಕೆಲುಬಿನ ಗೂಡು: ಹೊಟೇಲಿನವರು ತಿಳಿದಿರಬೇಕಾದದ್ದು

ಮಟನ್ ಚಾಪ್ಸ್ ಮಾಡುವ ಸದಸ್ಯರಿಗೆ ಪಕ್ಕೆಲುಬು ಹೊಸದಲ್ಲ. ಸಸ್ಯಾಹಾರಿ ಹೊಟೇಲಿನವರಿಗೆ ಅದರ ಗೊಡವೆಯೇಕೆ ಎನಿಸಬಹುದು. ಆದರೆ ಗಿರಾಕಿಯ ಗಂಟಲಲ್ಲಿ ತುತ್ತು ಸಿಕ್ಕಿದಾಗ ಅಥವಾ ಒಲೆಯ ಮುಂದೆ ಭಟ್ಟರು ಕುಸಿದುಬಿದ್ದಾಗ, ಕೈ ಎಲ್ಲಿಡಬೇಕು, ಎಲ್ಲಿಡಬಾರದು ಎಂಬುದು ಈ ಎಲುಬುಗಳ ಮೇಲೆಯೇ ನಿಂತಿದೆ.

ಮನುಷ್ಯನಿಗೆ ಸಾಮಾನ್ಯವಾಗಿ 12 ಜೋಡಿ, ಅಂದರೆ 24 ಪಕ್ಕೆಲುಬುಗಳು. ಗಂಡಸಿಗೂ ಹೆಂಗಸಿಗೂ ಲೆಕ್ಕ ಒಂದೇ. ಹಿಂದೆ ಎಲ್ಲವೂ ಬೆನ್ನೆಲುಬಿಗೆ ಸೇರಿವೆ. ಮುಂದೆ ಮೇಲಿನ 7 ಜೋಡಿ ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಮೂಳೆಗೆ ಕೂಡುತ್ತವೆ. ನಂತರದ 3 ಜೋಡಿ ತಮ್ಮ ಮೇಲಿನದರ ಮೃದ್ವಸ್ಥಿಗೆ ಅಂಟಿಕೊಳ್ಳುತ್ತವೆ. ಕೊನೆಯ 2 ಜೋಡಿಗೆ ಮುಂದೆ ಆಧಾರವಿಲ್ಲ.

ಆಡು, ಕುರಿ, ದನಗಳಿಗೆ 13 ಜೋಡಿ, ಕುದುರೆಗೆ 18, ಕೋಳಿಗೆ 7. ಒಂದು ಆಡಿನಲ್ಲಿ ಸಿಗುವುದು 26 ಪಕ್ಕೆಲುಬು ಮಾತ್ರ ಎಂಬುದು ಚಾಪ್ಸ್ ಆರ್ಡರ್ ಹಿಡಿಯುವಾಗ ನೆನಪಿರಲಿ. ನಾಲ್ಕು ಕಾಲಿನ ಆಡಿನ ಎದೆ ಎರಡೂ ಬದಿಯಿಂದ ಚಪ್ಪಟೆ. ನೆಟ್ಟಗೆ ನಡೆಯುವ ನಮ್ಮ ಎದೆ ಅಗಲ.

ಈ ಗೂಡು ಹೃದಯ, ಶ್ವಾಸಕೋಶಗಳನ್ನು ಕಾಯುತ್ತದೆ. ಯಕೃತ್ತು, ಗುಲ್ಮಗಳಿಗೂ ಬಹುಮಟ್ಟಿಗೆ ಮರೆಯಾಗಿದೆ. ಆದರೆ ಇದು ಬಿಗಿಯಾದ ಪೆಟ್ಟಿಗೆಯಲ್ಲ. ಉಸಿರೆಳೆದಾಗ ಪಕ್ಕೆಲುಬುಗಳು ಮೇಲೇಳುತ್ತವೆ, ಕೆಳಗಿನ ವಪೆ ಇಳಿಯುತ್ತದೆ, ಎದೆ ಹಿಗ್ಗಿ ಗಾಳಿ ಒಳಬರುತ್ತದೆ.

ತುತ್ತು ಸಿಕ್ಕಿ ಮಾತು, ಕೆಮ್ಮು ಎರಡೂ ನಿಂತವರನ್ನು ಮುಂದಕ್ಕೆ ಬಾಗಿಸಿ, ಭುಜದ ಎಲುಬುಗಳ ನಡುವೆ ಬೆನ್ನಿಗೆ ಅಂಗೈಯ ಬುಡದಿಂದ 5 ಸಲ ಜೋರಾಗಿ ಹೊಡೆಯಬೇಕು. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲೆ, ಪಕ್ಕೆಲುಬಿಗಿಂತ ಕೆಳಗೆ ಮುಷ್ಟಿಯಿಟ್ಟು 5 ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ಆಗ ವಪೆ ಮೇಲೇರಿ, ಒಳಗುಳಿದ ಗಾಳಿ ತುತ್ತನ್ನು ಹೊರದೂಡುತ್ತದೆ. ಪಕ್ಕೆಲುಬಿನ ಮೇಲೆಯೇ ಒತ್ತಿದರೆ ಎಲುಬು ಮುರಿದು ಯಕೃತ್ತು, ಗುಲ್ಮಕ್ಕೆ ಪೆಟ್ಟಾಗಬಹುದು. ತುತ್ತು ಬರುವವರೆಗೆ ಇವೆರಡನ್ನೂ ಸರದಿಯಂತೆ ಮಾಡಬೇಕು. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಮೂಳೆಯ ಮೇಲೆ ಒತ್ತಬೇಕು. ವರ್ಷ ತುಂಬದ ಶಿಶುವಿನ ಹೊಟ್ಟೆ ಒತ್ತಲೇಬಾರದು. ಹೊಟ್ಟೆ ಒತ್ತಿಸಿಕೊಂಡವರು ಬಳಿಕ ಡಾಕ್ಟರಿಗೆ ತೋರಿಸಬೇಕು.

ದೊಡ್ಡವರು ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದು ಸರಿಯಾಗಿ ಉಸಿರಾಡದಿದ್ದರೆ ಒಬ್ಬರು 112ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಡುವೆ, ಎದೆಮೂಳೆಯ ಕೆಳಗಿನ ಅರ್ಧದ ಮೇಲೆ, 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಲಿ. ಪಕ್ಕೆಲುಬು ಬಾಗುವುದರಿಂದಲೇ ಹೃದಯಕ್ಕೆ ಒತ್ತಡ ತಲುಪಿ ರಕ್ತ ಹರಿಯುತ್ತದೆ. ಒತ್ತುವಾಗ ಎಲುಬು ಲಟಕ್ಕೆಂದರೂ ಅಂಜಿ ನಿಲ್ಲಿಸಬಾರದು. ಮುರಿದ ಎಲುಬು ಕೂಡಿಕೊಳ್ಳುತ್ತದೆ, ಹೋದ ಜೀವ ಬರುವುದಿಲ್ಲ.

ಓದಿದ್ದರಿಂದಷ್ಟೇ ಕೈ ಪಳಗದು. ಪ್ರತಿ ಪಾಳಿಯಲ್ಲಿ ಒಬ್ಬರಿಗಾದರೂ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಿಸೋಣ. ನಮ್ಮನ್ನು ನಂಬಿ ಊಟಕ್ಕೆ ಕೂತವರಿಗೂ ನಮಗಾಗಿ ದುಡಿಯುವವರಿಗೂ ನಾವು ಮಾಡಬೇಕಾದ ಉಪಚಾರದಲ್ಲಿ ಇದೂ ಸೇರಿದೆ.