ಗಿಯರ್ ಬದಲಿಸೆಂದು ಹೇಳುವ ದೀಪ

ಕಳೆದ ಬೇಸಿಗೆಯಲ್ಲಿ ಹೊನ್ನಾಳಿಯ ಬಂಧುಗಳ ಮನೆಗೆ ಹೋಗಿದ್ದಾಗ, ಅವರ ಕಿರಿಯ ಮಗನು ತನ್ನ ಪೆಟ್ರೋಲ್ ಕಾರನ್ನು ತೋರಿಸಲು ನನ್ನನ್ನು ಅಂಗಳಕ್ಕೆ ಕರೆದೊಯ್ದನು. ಚಾಲಕನ ಮುಂದಿನ ಫಲಕದ ಮೇಲೆ ಹೆಬ್ಬೆರಳಿನ ಗಾತ್ರದ ಹೊಸ ದೀಪವೊಂದು ಕುಳಿತಿತ್ತು. "ರೇಸ್ ಕಾರುಗಳಲ್ಲಿ ಇರುವ ಶಿಫ್ಟ್ ಲೈಟ್ ಇದು. ಗಿಯರ್ ಬದಲಿಸುವ ಹೊತ್ತು ಬಂದಾಗ ತಾನೇ ಬೆಳಗುತ್ತದೆ" ಎಂದನು. ಇಬ್ಬರೂ ನ್ಯಾಮತಿಯ ರಸ್ತೆ ಹಿಡಿದೆವು. ಎರಡನೆಯ ಗಿಯರಿನಲ್ಲಿ ಎಂಜಿನ್ ಕಿರುಚತೊಡಗಿದರೂ ದೀಪ ಬೆಳಗಲಿಲ್ಲ. ಹುಡುಗನು ಕಾಲು ಸಡಿಲಿಸದೆ ಅದನ್ನೇ ದಿಟ್ಟಿಸುತ್ತಿದ್ದನು. ಎದುರಿನಿಂದ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಬರುತ್ತಿರುವುದನ್ನು ಕಂಡು ನಾನು ಕೂಗಿಕೊಂಡ ಮೇಲೆಯೇ ಅವನ ಕಣ್ಣು ರಸ್ತೆಯ ಕಡೆಗೆ ಹೊರಳಿತು.

ಯಾರಿಗೂ ಏನೂ ಆಗಲಿಲ್ಲ. ಆದರೆ ರಸ್ತೆಯನ್ನು ನೋಡುತ್ತಿರಲೆಂದು ಹುಟ್ಟಿದ ಸಾಧನವೇ ರಸ್ತೆಯಿಂದ ಕಣ್ಣನ್ನು ಕಿತ್ತುಕೊಂಡದ್ದು ಹೇಗೆಂದು ತಿಳಿಯುವ ಆಸೆ ನನಗೆ ಅಂದೇ ಹುಟ್ಟಿತು.

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದೇ ಇಲ್ಲಿಯ ಮೂಲ ಪ್ರಶ್ನೆ. ಜಗಳೂರಿನ ಕಡೆ ಟ್ರ್ಯಾಕ್ಟರಿಗೆ ಯಂತ್ರ ಜೋಡಿಸಿ ಮೆಕ್ಕೆಜೋಳ ಬಿಡಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಳ್ಳು ಗುರುತಿಗೆ ಬಂದರೆ ಹಿಂದಿನ ದಂಡವು ನಿಮಿಷಕ್ಕೆ ೫೪೦ ಸುತ್ತು ತಿರುಗುತ್ತದೆಂದು ಅವರು ಬಲ್ಲರು. ಕಾರಿನ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ ೬೦೦೦ ಸುತ್ತಿನ ಆಸುಪಾಸಿನಲ್ಲಿ ತನ್ನ ಪೂರ್ಣ ಶಕ್ತಿಯನ್ನು ಕೊಡುತ್ತದೆ. ಡೀಸೆಲ್ ಎಂಜಿನ್ನಿನ ಮಿತಿ ಅದಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಆ ಎತ್ತರವನ್ನು ದಾಟಿಸಿದರೆ ಸದ್ದು ಹೆಚ್ಚೀತೇ ಹೊರತು ಓಟ ಹೆಚ್ಚದು. ಬೇಗ ಬದಲಿಸಿದರೆ ಮುಂದಿನ ಗಿಯರಿನಲ್ಲಿ ಎಂಜಿನ್ ಸೊರಗುತ್ತದೆ. ಎರಡನೆಯ ಗಿಯರಿನ ಅನುಪಾತ ೧.೯, ಮೂರನೆಯದು ೧.೩ ಎಂದಿಟ್ಟುಕೊಳ್ಳೋಣ. ೬೦೦೦ದಲ್ಲಿ ಬದಲಿಸಿದಾಗ ಸುತ್ತು ಸುಮಾರು ೪೧೦೦ಕ್ಕೆ ಇಳಿಯುತ್ತದೆ. ಅಲ್ಲಿಂದ ಮತ್ತೆ ಎಳೆಯುವ ಕಸುವು ಎಂಜಿನ್ನಿಗೆ ಇರಬೇಕು.

ಸ್ಪರ್ಧೆಯಲ್ಲಿ ಮುಳ್ಳನ್ನು ನೋಡಿ ಲೆಕ್ಕ ಹಾಕಲು ಪುರುಸೊತ್ತೆಲ್ಲಿ? ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಣ ಮಣ್ಣಿನ ದಾರಿಗಳಲ್ಲಿ ೨೦೧೭ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿಯ ಸುತ್ತೊಂದು ನಡೆದಿತ್ತು. ಅಂಥ ತಿರುವುಗಳಲ್ಲಿ ಕಣ್ಣನ್ನು ಅರೆಕ್ಷಣ ತಗ್ಗಿಸುವುದೂ ಅಪಾಯವೇ. ದೀಪವಾದರೆ ನೋಡಬೇಕಾಗಿಲ್ಲ, ಕಣ್ಣಂಚಿಗೆ ಮಿಂಚಿದರೆ ಸಾಕು.

ಅದರ ಒಳಗಿನ ಕೆಲಸ ಎಣಿಕೆಯದು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಕಿಡಿಗಳು ಹಾರುತ್ತವೆ. ೬೦೦೦ ಸುತ್ತಿಗೆ ಸೆಕೆಂಡಿಗೆ ೨೦೦ ಕಿಡಿಗಳಾದವು. ಈ ಮಿಡಿತಗಳನ್ನು ತಂತಿಯ ಮೂಲಕ ಪಡೆದು, ನಾವು ನಿಗದಿಪಡಿಸಿದ ಸಂಖ್ಯೆಗೆ ಹೋಲಿಸಿ, ಸರಿಗಟ್ಟಿದೊಡನೆ ಸಾಧನವು ದೀಪವನ್ನು ಬೆಳಗಿಸುತ್ತದೆ. ಹಳೆಯ ಮಾದರಿಗಳಲ್ಲಿ ಸಂಖ್ಯೆ ಬದಲಿಸಲು ಗುಳಿಗೆಯಂಥ ಪುಟ್ಟ ಬಿಲ್ಲೆಗಳನ್ನು ಕಿತ್ತು ಬೇರೆಯದನ್ನು ಸಿಕ್ಕಿಸಬೇಕಾಗಿತ್ತು. ಈಗ ಗುಂಡಿ ಒತ್ತಿದರೆ ಆಯಿತು. ಎಂಜಿನ್ನಿಗೆ ಎಷ್ಟು ಸಿಲಿಂಡರುಗಳು ಎಂಬುದನ್ನೂ ಅದಕ್ಕೆ ತಿಳಿಸಬೇಕು.

ನಮ್ಮ ಹುಡುಗನ ಎಡವಟ್ಟು ಇಲ್ಲಿಯೇ ಆಗಿತ್ತು. ಅವನ ಕಾರಿನಲ್ಲಿ ಸಿಲಿಂಡರಿಗೊಂದರಂತೆ ನಾಲ್ಕು ಕಾಯಿಲ್‌ಗಳಿದ್ದವು. ದೀಪ ಕೂರಿಸಿದವರು ತಂತಿಯನ್ನು ಒಂದೇ ಕಾಯಿಲಿಗೆ ಸೇರಿಸಿ, ಸಾಧನದಲ್ಲಿ ನಾಲ್ಕು ಸಿಲಿಂಡರ್ ಎಂದು ಒತ್ತಿಬಿಟ್ಟಿದ್ದರು. ಒಂದು ಕಾಯಿಲ್ ಎರಡು ಸುತ್ತಿಗೊಮ್ಮೆ ಮಾತ್ರ ಮಿಡಿಯುತ್ತದೆ. ೬೦೦೦ ಸುತ್ತು ತಿರುಗುತ್ತಿದ್ದ ಎಂಜಿನ್ ದೀಪದ ಲೆಕ್ಕದಲ್ಲಿ ಬರೀ ೧೫೦೦! ಅದು ಸಂಜೆಯವರೆಗೆ ಕಾದರೂ ಬೆಳಗುವಂತಿರಲಿಲ್ಲ.

ಲೆಕ್ಕ ಸರಿಯಿದ್ದರೂ ಸಂಖ್ಯೆ ಸರಿಯಿರಬೇಕಲ್ಲ. ಬೆಳಕು ಕಂಡು ಕೈ ಚಲಿಸುವಷ್ಟರಲ್ಲಿ ಕಾಲು ಸೆಕೆಂಡಾದರೂ ಕಳೆಯುತ್ತದೆ. ಕೆಳಗಿನ ಗಿಯರಿನಲ್ಲಿ ಸುತ್ತು ಸೆಕೆಂಡಿಗೆ ೪೦೦೦ದಂತೆ ಏರುತ್ತಿದ್ದರೆ ಅಷ್ಟರಲ್ಲಿ ೧೦೦೦ ಸುತ್ತು ಮೀರಿರುತ್ತದೆ. ಮೇಲಿನ ಗಿಯರಿನಲ್ಲಿ ಸೆಕೆಂಡಿಗೆ ೮೦೦ರಂತೆ ಏರಿದರೆ ಮೀರುವುದು ೨೦೦ ಮಾತ್ರ. ಆದ್ದರಿಂದ ಮೊದಲನೆಯ ಗಿಯರಿಗೆ ದೀಪ ಬಹಳ ಮುಂಚೆ, ನಾಲ್ಕನೆಯದಕ್ಕೆ ಕೊಂಚ ಮಾತ್ರ ಮುಂಚೆ ಬೆಳಗುವಂತೆ ಸ್ಪರ್ಧಾಳುಗಳು ಹೊಂದಿಸಿಕೊಳ್ಳುತ್ತಾರೆ. ಹಸಿರು, ಹಳದಿ, ಕೆಂಪು ಎಂದು ಸಾಲಾಗಿ ಬೆಳಗುವ ದೀಪಗಳೂ ಉಂಟು. ಅವು ಚಾಲಕನನ್ನು ಮೊದಲೇ ಸಿದ್ಧಗೊಳಿಸುತ್ತವೆ. ಹೊಂದಿಸಲು ಬರುವ ದೀಪಕ್ಕೆ ಹೆಚ್ಚು ಹಣ ತೆರುವುದು ಇದಕ್ಕಾಗಿಯೇ ಹೊರತು ಥಳಕಿಗಲ್ಲ.

ದೀಪದಿಂದ ಆಗದ ಕೆಲಸವೊಂದಿದೆ. ನಾಲ್ಕರಿಂದ ಮೂರಕ್ಕೆ ಇಳಿಸಬೇಕಾದಲ್ಲಿ ಕೈತಪ್ಪಿ ಒಂದಕ್ಕೆ ಇಳಿಸಿ ಕ್ಲಚ್ ಬಿಟ್ಟರೆ, ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ. ಇಂಧನವನ್ನು ಕಡಿದು ಎಂಜಿನ್ನನ್ನು ಕಾಯುವ ವ್ಯವಸ್ಥೆಯೂ ಆಗ ನಿಸ್ಸಹಾಯಕ. ವಾಲ್ವುಗಳು ಬಾಗುತ್ತವೆ, ಮನೆಯವರು ಗ್ಯಾರೇಜಿನ ಬಿಲ್ಲು ನೋಡಿ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ.

ಇಂದಿನ ಅನೇಕ ಸಾಧಾರಣ ಕಾರುಗಳಲ್ಲಿ ಮೇಲ್ಮುಖದ ಪುಟ್ಟ ಬಾಣವೊಂದು ಮೂಡುತ್ತದೆ. ಅದು ಇದೇ ದೀಪದ ಸಾಧು ತಮ್ಮ. ಶಕ್ತಿಗಾಗಿ ಅಲ್ಲ, ಇಂಧನದ ಉಳಿತಾಯಕ್ಕಾಗಿ ಬೇಗ ಬದಲಿಸೆನ್ನುತ್ತದೆ. ಚನ್ನಗಿರಿಯಿಂದ ಅಡಿಕೆ ಚೀಲ ತುಂಬಿಕೊಂಡು ಏರು ಹತ್ತುವವರು ಮಾತ್ರ ಅದರ ಮಾತಿಗೆ ಕಟ್ಟುಬೀಳಬೇಕಾಗಿಲ್ಲ. ಎಂಜಿನ್ ಮುಕ್ಕರಿಯುತ್ತಿದ್ದರೆ ಕೆಳಗಿನ ಗಿಯರೇ ಲೇಸು.

ಹುಡುಗನು ತಂತಿಯನ್ನು ಸರಿಪಡಿಸಿಕೊಂಡಿದ್ದಾನೆ. ದೀಪವನ್ನು ೫೦೦೦ಕ್ಕೆ ನಿಲ್ಲಿಸಿ, ರಾತ್ರಿ ಕಣ್ಣು ಕೋರೈಸದಂತೆ ಹೊಳಪನ್ನೂ ತಗ್ಗಿಸಿದ್ದಾನಂತೆ. ಮೊನ್ನೆ ದೂರವಾಣಿಯಲ್ಲಿ ಮಾತನಾಡುವಾಗ, ಅದು ಸರಿಯಾಗಿ ಬೆಳಗುತ್ತಿದೆಯೇ ಎಂದು ಅವನ ತಂದೆಯನ್ನು ಕೇಳಿದೆ. "ಹೊನ್ನಾಳಿಯ ರಸ್ತೆಯಲ್ಲಿ ಐದು ಸಾವಿರಕ್ಕೆ ಏರಿಸಲು ಎಲ್ಲಿ ಜಾಗವಿದೆ? ನಾನಂತೂ ಇನ್ನೂ ನೋಡಿಲ್ಲ" ಎಂದರು.